ಲಂಡನ್ನಿನ ಕುದುರೆ, ಪಟ್ಟಣದ ಹುಲಿ

1799ರ ಮೇ 4ರ ಮಧ್ಯಾಹ್ನ ಕಾವೇರಿ ದಾಟಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಸಿಪಾಯಿಗಳ ಕೈಯಲ್ಲಿದ್ದ ಬಂದೂಕುಗಳನ್ನು ಕೊಟ್ಟದ್ದು ಸರ್ಕಾರ. ಅವರನ್ನು ಮುನ್ನಡೆಸಿದ ಇಂಗ್ಲಿಷ್ ಅಧಿಕಾರಿಗಳ ಪಿಸ್ತೂಲುಗಳು ಮಾತ್ರ ಅವರವರ ಸ್ವಂತ ದುಡ್ಡಿನವು. ಆ ಕಾಲದ ಅಧಿಕಾರಿ ತನ್ನ ಸಮವಸ್ತ್ರ, ಕತ್ತಿ, ಪಿಸ್ತೂಲು ಎಲ್ಲವನ್ನೂ ತಾನೇ ಕೊಳ್ಳಬೇಕಿತ್ತು. ಇಂಡಿಯಾಕ್ಕೆ ಹಡಗು ಹತ್ತುವ ಮೊದಲು ಲಂಡನ್ನಿನ ಯಾವುದಾದರೂ ಒಳ್ಳೆಯ ಅಂಗಡಿಗೆ ಹೋಗಿ, ಕೈಗೆ ಒಗ್ಗುವಂಥದ್ದನ್ನು ಆರಿಸಿ, ಕೈಲಾದಷ್ಟು ಬೆಲೆ ತೆತ್ತು ತರುತ್ತಿದ್ದ. ಅದಕ್ಕೇ ಅಧಿಕಾರಿಯ ಪಿಸ್ತೂಲು ಒಂದರಂತೆ ಇನ್ನೊಂದು ಇರುವುದಿಲ್ಲ. ಇನ್ನೂರು ವರ್ಷ ಕಳೆದ ಮೇಲೂ ಸಂಗ್ರಾಹಕರು ಅದರ ಹಿಂದೆ ಬೀಳುವುದಕ್ಕೆ ಕಾರಣವೂ ಇದೇ.

ಅವತ್ತು ಕೋಟೆಯ ಒಳಗೂ ಪಿಸ್ತೂಲುಗಳಿದ್ದವು. ಅವು ಲಂಡನ್ನಿನಿಂದ ಬಂದವಲ್ಲ, ಪಟ್ಟಣದಲ್ಲೇ ಹುಟ್ಟಿದವು. ಎರಡರ ಒಳಗಿನ ಯಂತ್ರವೂ ಒಂದೇ, ಚಕಮಕಿ. ಎರಡರ ಮೇಲೂ ಮಾಡಿದವನ ಹೆಸರಿರುವುದುಂಟು. ಆದರೆ ಲಂಡನ್ನಿನ ಹೆಸರುಗಳನ್ನು ಹುಡುಕಿ, ಅಂಗಡಿಯ ವಿಳಾಸ ಸಮೇತ ಪುಸ್ತಕ ಬರೆದವರಿದ್ದಾರೆ. ಪಟ್ಟಣದ ಹೆಸರುಗಳು ಪಟ್ಟಣದವರಿಗೇ ತಿಳಿಯವು. ಹಳೆಯ ಪಿಸ್ತೂಲನ್ನು ಹೇಗೆ ನೋಡಬೇಕೆಂದು ಹೇಳಹೊರಟಾಗಲೆಲ್ಲ ನನ್ನ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಮೊದಲು ಯಂತ್ರ. ಮಲೆನಾಡು, ಕೊಡಗಿನ ಹಿರಿಯರಿಗೆ ಕೇಪಿನ ಕೋವಿ ಗೊತ್ತು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ, ಹಿಂದೆ ತಾಮ್ರದ ಪುಟ್ಟ ಕೇಪು ಸಿಕ್ಕಿಸಿ ಹೊಡೆಯುವ ಕೋವಿ ಅದು. ಚಕಮಕಿ ಅದಕ್ಕಿಂತ ಹಿರಿದು. ಹದಿನೇಳನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಈ ಯಂತ್ರಕ್ಕೆ ಒಂದು ಖಚಿತ ರೂಪ ಬಂತು. ಮಾರಾಂ ಲ ಬೂರ್ಜುವಾ ಎಂಬ ಕುಶಲಕರ್ಮಿಗೆ ಅದರ ಹೆಗ್ಗಳಿಕೆ ಸಲ್ಲುತ್ತದೆ. ಅಲ್ಲಿಂದ ಮುಂದೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಲೋಕದ ಎಷ್ಟೋ ಯುದ್ಧಗಳು ನಡೆದದ್ದು ಇದೇ ಕಿಡಿಯ ಮೇಲೆ.

ಪಿಸ್ತೂಲಿನ ಬಲಮಗ್ಗುಲನ್ನು ನೋಡಿ. ಅಂಗೈಯಗಲದ ಉಕ್ಕಿನ ಫಲಕವೊಂದಿದೆ. ಅದರ ಮೇಲೆ ಕತ್ತು ಬಾಗಿಸಿ ನಿಂತದ್ದೇ ಕುದುರೆ. ಅದರ ಎರಡು ತುಟಿಗಳ ನಡುವೆ ಚಕಮಕಿ ಕಲ್ಲಿನ ಚಪ್ಪಟೆ ಚೂರು. ಕಲ್ಲು ಜಾರದಿರಲೆಂದು ತೊಗಲಿನ ಇಲ್ಲವೇ ಸೀಸದ ಸುತ್ತು ಕೊಟ್ಟು, ಮೇಲಿನ ತಿರುಪಿನಿಂದ ಬಿಗಿದಿರುತ್ತಾರೆ. ಕುದುರೆಯ ಎದುರಿಗೆ ನೆಟ್ಟಗೆ ನಿಂತ ಉಕ್ಕಿನ ತಟ್ಟೆಯೊಂದಿದೆ. ಅದರ ಬುಡ ಒಂದು ಪುಟ್ಟ ಬಟ್ಟಲಿಗೆ ಮುಚ್ಚಳವಾಗಿ ಕೂತಿರುತ್ತದೆ. ಬಟ್ಟಲಿನಲ್ಲಿ ಒಂದು ಚಿಟಿಕೆ ನಯವಾದ ಮದ್ದು. ಬಟ್ಟಲ ಪಕ್ಕದಲ್ಲಿ ನಳಿಗೆಯೊಳಕ್ಕೆ ಹೋಗುವ ಸೂಜಿಗಾತ್ರದ ಕಿಂಡಿ.

ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆದಾಗ ಅರ್ಧದಲ್ಲಿ ಒಮ್ಮೆ 'ಕಟ್' ಎನ್ನುತ್ತದೆ. ಅಲ್ಲಿ ಟ್ರಿಗರ್ ಎಳೆದರೂ ಕುದುರೆ ಬೀಳಬಾರದು. ಮದ್ದು ತುಂಬುವಾಗ ಇರಬೇಕಾದ ನಿಲುವು ಇದು. ಇನ್ನಷ್ಟು ಎಳೆದಾಗ ಎರಡನೇ ಸದ್ದು. ಈಗ ಟ್ರಿಗರ್ ಒತ್ತಿದರೆ ಒಳಗಿನ ದೊಡ್ಡ ಸ್ಪ್ರಿಂಗು ಕುದುರೆಯನ್ನು ಮುಂದಕ್ಕೆ ಚಿಮ್ಮಿಸುತ್ತದೆ, ಕಲ್ಲು ಉಕ್ಕಿನ ತಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಹೆರೆಯುತ್ತದೆ, ಆ ಏಟಿಗೇ ತಟ್ಟೆ ಮುಂದಕ್ಕೆ ಮಗುಚಿ ಬಟ್ಟಲು ತೆರೆದುಕೊಳ್ಳುತ್ತದೆ. ಕಿಡಿ ಎನ್ನುವುದು ಕಲ್ಲಿನದಲ್ಲ, ಕಲ್ಲು ಹೆರೆದ ಉಕ್ಕಿನ ಕಣ ಕಾದು ಉರಿಯುವುದು. ಅದು ಬಟ್ಟಲಿಗೆ ಬಿದ್ದು, ಅಲ್ಲಿನ ಮದ್ದು ಹೊತ್ತಿ, ಉರಿ ಕಿಂಡಿಯೊಳಗೆ ನುಗ್ಗಿ ನಳಿಗೆಯ ಮದ್ದನ್ನು ಮುಟ್ಟಬೇಕು. ಒಳ್ಳೆಯ ಯಂತ್ರದಲ್ಲಿ ಇಷ್ಟೂ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಕಲ್ಲು ಮೊಂಡಾದರೆ ಕಿಡಿಯಿಲ್ಲ. ಕಿಂಡಿ ಕಟ್ಟಿಕೊಂಡಿದ್ದರೆ ಬಟ್ಟಲಿನ ಮದ್ದು ಭಗ್ಗೆಂದು ಸುಟ್ಟುಹೋಗಿ ಗುಂಡು ಒಳಗೇ ಕೂತಿರುತ್ತದೆ. ಮದ್ದು ನೆನೆದಿದ್ದರಂತೂ ಏನೂ ಇಲ್ಲ.

ಮದ್ದು ನೆನೆದ ಒಂದು ಪ್ರಸಂಗ ಇಂಡಿಯಾದ ಚರಿತ್ರೆಯಲ್ಲಿ ಪ್ರಸಿದ್ಧ. 1780ರ ಆಗಸ್ಟ್ 17ರ ಬೆಳಗ್ಗೆ ಕಲಕತ್ತೆಯಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮತ್ತು ಅವನ ಕೌನ್ಸಿಲ್ಲಿನ ಸದಸ್ಯ ಫಿಲಿಪ್ ಫ್ರಾನ್ಸಿಸ್ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಫ್ರಾನ್ಸಿಸನ ಪಿಸ್ತೂಲು ಹಾರಲಿಲ್ಲ, ಮದ್ದಿಗೆ ತೇವ ಹಿಡಿದಿತ್ತು. ಹೇಸ್ಟಿಂಗ್ಸನ ಜೊತೆಗಾರನಾಗಿ ಬಂದಿದ್ದ ಕರ್ನಲ್ ಪಿಯರ್ಸ್ ಎದುರಾಳಿಗೆ ಬೇರೆ ಮದ್ದು ಕೊಟ್ಟ. ಎರಡನೇ ಸಲ ಇಬ್ಬರೂ ಹೊಡೆದರು. ಫ್ರಾನ್ಸಿಸನಿಗೆ ಗುಂಡು ತಗುಲಿತು, ಬದುಕಿಕೊಂಡ. ಬಂಗಾಳದ ಮಳೆಗಾಲದ ಒಂದು ಬೆಳಗಿನ ಗಾಳಿ ಎರಡೂ ಕಡೆ ಒಂದೇ ರೀತಿ ಬೀಸಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಯಾವ ದಾರಿ ಹಿಡಿಯುತ್ತಿತ್ತೋ!

ಬಿಸಿಲು, ಮಳೆ, ಧೂಳಿನ ಈ ದೇಶಕ್ಕೆ ಹೊರಟ ಅಧಿಕಾರಿ ಹೆಚ್ಚು ಹಣ ಕೊಟ್ಟು ಒಳ್ಳೆಯ ಪಿಸ್ತೂಲು ಕೊಂಡದ್ದು ಬರಿಯ ಶೋಕಿಗಲ್ಲ. ಲಂಡನ್ನಿನ ಲಡ್‌ಗೇಟ್ ಬಳಿಯ ಹೆನ್ರಿ ನಾಕ್, ಸ್ಟ್ರಾಂಡ್ ಬೀದಿಯ ಡರ್ಸ್ ಎಗ್, ಫ್ಲೀಟ್ ಬೀದಿಯ ಎಚ್. ಡಬ್ಲ್ಯೂ. ಮಾರ್ಟಿಮರ್ ಮುಂತಾದವರು ಇದೇ ತೊಡಕುಗಳಿಗೆ ಪರಿಹಾರ ಹುಡುಕುತ್ತಿದ್ದರು. ನಾಕ್ 1787ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಉರಿ ಮದ್ದಿನ ನಡುವಿಗೇ ಹೋಗಿ ಮುಟ್ಟುವಂತೆ ನಳಿಗೆಯ ಬುಡವನ್ನೇ ಬದಲಿಸಿದ್ದ. ಕಿಂಡಿ ಸುಟ್ಟು ಅಗಲವಾಗದಂತೆ ಅದಕ್ಕೆ ಚಿನ್ನದ, ಆಮೇಲೆ ಪ್ಲಾಟಿನಮ್ಮಿನ ಒಳಪದರ ಬಂತು. ಮಳೆನೀರು ಬಟ್ಟಲೊಳಗೆ ಇಳಿಯದೆ ಸುತ್ತಲಿಂದ ಹರಿದುಹೋಗುವಂತೆ ಅದರ ಅಂಚನ್ನು ಎಬ್ಬಿಸಿದರು. ತಟ್ಟೆ ಸಲೀಸಾಗಿ ಮಗುಚಲೆಂದು ಅದರ ಸ್ಪ್ರಿಂಗಿಗೆ ಪುಟ್ಟ ಉರುಳೆ ಕೂರಿಸಿದರು. ಸವಾರಿಯ ಕುದುರೆಯ ಮೇಲೆ ಕೂತು ತುಂಬುವಾಗ ಮದ್ದನ್ನು ಒಳಕ್ಕೆ ತಳ್ಳುವ ಕೋಲು ಕೈಜಾರದಿರಲೆಂದು ನಳಿಗೆಯ ಮೂತಿಗೇ ತಿರುಗುಕೀಲಿನಿಂದ ಅದನ್ನು ಸೇರಿಸಿದರು.

ರಾಜನ ಸೈನ್ಯದ ಸವಾರರಿಗೆ ಸರ್ಕಾರ ಕೊಡುತ್ತಿದ್ದ ಪಿಸ್ತೂಲಿನ ಪಕ್ಕದಲ್ಲಿ ಅಧಿಕಾರಿಯ ಪಿಸ್ತೂಲನ್ನಿಟ್ಟರೆ ವ್ಯತ್ಯಾಸ ಕಾಣುತ್ತದೆ. ಸವಾರನದು ಒಂಬತ್ತಂಗುಲದ ದುಂಡನೆಯ ನಳಿಗೆ, ಹಿತ್ತಾಳೆಯ ಹಿಡಿಗುಬ್ಬಿ, ಫಲಕದ ಮೇಲೆ ಕಿರೀಟ, 'ಜಿ.ಆರ್.' ಅಕ್ಷರ, 'ಟವರ್' ಎಂಬ ಮುದ್ರೆ. ಅಧಿಕಾರಿಯದರಲ್ಲಿ ಹೆಚ್ಚಾಗಿ ಎಂಟು ಮೂಲೆಯ ನಳಿಗೆ, ವಾಲ್ನಟ್ ಮರದ ಹಿಡಿಯ ಮೇಲೆ ಬೆವರಿದ ಕೈಗೂ ಬಿಗಿ ಸಿಗಲೆಂದು ಕೊರೆದ ಚೌಕುಳಿ, ಫಲಕದ ಮೇಲೆ ರಾಜಮುದ್ರೆಯ ಬದಲು ಮಾಡಿದವನ ಹೆಸರು. ಜೋಡಿಯಾಗಿ, ಹಸಿರು ಬಟ್ಟೆ ಹಾಸಿದ ಮಹೋಗನಿ ಪೆಟ್ಟಿಗೆಯಲ್ಲಿ, ಮದ್ದಿನ ಕುಪ್ಪಿ, ಗುಂಡಿನ ಅಚ್ಚು, ಮುಚ್ಚಳದ ಒಳಗೆ ಅಂಗಡಿಯ ಚೀಟಿ ಸಮೇತ ಸಿಕ್ಕರೆ ಸಂಗ್ರಾಹಕನ ಪುಣ್ಯ. ಅಂಗಡಿಗಳು ಬೀದಿ ಬದಲಿಸಿದಾಗಲೆಲ್ಲ ಚೀಟಿಯೂ ಬದಲಾಗುತ್ತಿತ್ತು. ಆದ್ದರಿಂದ ವಿಳಾಸವೊಂದರಿಂದಲೇ ಪಿಸ್ತೂಲಿನ ವಯಸ್ಸನ್ನು ಕೆಲವೇ ವರ್ಷಗಳ ಅಂತರಕ್ಕೆ ಹಿಡಿಯಬಹುದು.

ಇನ್ನು ಪಟ್ಟಣ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಬಂದೂಕು, ಪಿಸ್ತೂಲು, ಫಿರಂಗಿಗಳು ತಯಾರಾಗುತ್ತಿದ್ದವು. 1788ರಲ್ಲಿ ಫ್ರಾನ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ವರ್ಸೈಯಲ್ಲಿ ಹದಿನಾರನೇ ಲೂಯಿಯನ್ನು ಕಂಡು ಕೇಳಿದ್ದು ಸೈನ್ಯದ ನೆರವನ್ನಷ್ಟೇ ಅಲ್ಲ, ಕುಶಲಕರ್ಮಿಗಳನ್ನು ಕೂಡ. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು. ಹಾಗಾಗಿ ಪಟ್ಟಣದ ಪಿಸ್ತೂಲಿನ ಒಳಗಿನ ಯಂತ್ರದಲ್ಲಿ ಯುರೋಪಿನ ಕಸುಬು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಹೊರಮೈ ಬೇರೆ ಯಾರದೂ ಅಲ್ಲ. ನಳಿಗೆಯ ಉದ್ದಕ್ಕೂ ಹುಲಿಪಟ್ಟೆ, ಬೆಳ್ಳಿಯ ಕೆತ್ತನೆಯಲ್ಲಿ ಹುಲಿಮುಖ, ಯುರೋಪಿನವರು ಹಂಸದ ಕತ್ತಿನಂತೆ ಬಾಗಿಸುತ್ತಿದ್ದ ಕುದುರೆಯ ಜಾಗದಲ್ಲಿ ಹುಲಿ. ಟ್ರಿಗರ್ ಒತ್ತಿದರೆ ಕಲ್ಲು ಕಚ್ಚಿಕೊಂಡ ಹುಲಿಯೇ ಉಕ್ಕಿನ ಮೇಲೆ ಎರಗಬೇಕು.

ಇನ್ನೂ ಒಂದು ವಿಶೇಷವಿದೆ. ಇಂಗ್ಲಿಷ್ ಜೋಡಿ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಯಂತ್ರ ಬಲಮಗ್ಗುಲಿಗೇ. ಸುಲ್ತಾನನಿಗೆಂದು ಮಾಡಿದ ಜೋಡಿಗಳಲ್ಲಿ ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಕೇಳಲು ಸಣ್ಣ ವಿಷಯ. ಮಾಡುವವನಿಗೆ ಸಣ್ಣದಲ್ಲ. ಒಳಗಿನ ಪ್ರತಿ ಸ್ಪ್ರಿಂಗು, ಪ್ರತಿ ಹಲ್ಲು, ಪ್ರತಿ ಕೊಕ್ಕೆಯನ್ನು ತಿರುವುಮುರುವಾಗಿ ಅರದಿಂದ ಉಜ್ಜಿ ಕೂರಿಸಬೇಕು. ಅಚ್ಚೊತ್ತಿ ತೆಗೆಯುವ ಕೆಲಸವಲ್ಲ ಅದು. ನನ್ನ ಮಟ್ಟಿಗೆ ಆ ಎಡಗಡೆಯ ಯಂತ್ರ ಬೆಳ್ಳಿ ಹುಲಿಗಿಂತ ದೊಡ್ಡ ಅಲಂಕಾರ.

ಈ ಆಯುಧಗಳ ಮೇಲಿನ ಪರ್ಷಿಯನ್ ಬರಹದಲ್ಲಿ 'ಸರ್ಕಾರ್-ಎ-ಖುದಾದಾದ್' ಎಂಬ ಟಿಪ್ಪುವಿನ ಸರ್ಕಾರದ ಹೆಸರಿರುತ್ತದೆ, ತಯಾರಾದ ಊರು 'ಪಟ್ಟನ್' ಎಂದಿರುತ್ತದೆ, ಜೊತೆಗೆ ಇಸವಿ. ಇಸವಿ ಹಿಜರಿ ಶಕೆಯದಲ್ಲ. ಪ್ರವಾದಿಯ ಜನನದಿಂದ ಎಣಿಸುವಂತೆ ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯದು, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವನು ಎಡದಿಂದ ಓದಿ ಲೆಕ್ಕ ಹಾಕಿದರೆ ದಿಕ್ಕೇ ತಪ್ಪುತ್ತದೆ. ಮೌಲೂದಿ 1224 ಎಂದರೆ ನಮ್ಮ ಲೆಕ್ಕದಲ್ಲಿ 1796ರ ಆಸುಪಾಸು. ಕೆಲವು ಆಯುಧಗಳ ಮೇಲೆ ಮಾಡಿದವನ ಸಹಿಯೂ ಇದೆ. ಅಸದ್ ಖಾನ್ ಮೊಹಮ್ಮದ್ ಅಂಥ ಒಂದು ಹೆಸರು. ಡರ್ಸ್ ಎಗ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದು ಹೆಸರು ಮಾಡಿದವನೆಂದು ಸಂಗ್ರಾಹಕರೆಲ್ಲ ಹೇಳಬಲ್ಲರು. ಅದೇ ಕಾಲದಲ್ಲಿ ಕಾವೇರಿಯ ನಡುಗಡ್ಡೆಯಲ್ಲಿ ಅವನಿಗೆ ಸರಿಸಾಟಿಯಾಗಿ ಕೂತು ಉಕ್ಕು ಉಜ್ಜುತ್ತಿದ್ದವರ ವಿಷಯ ನಮ್ಮ ಶಾಲೆಯ ಪಾಠದಲ್ಲೂ ಇಲ್ಲ, ಊರಿನ ಫಲಕದಲ್ಲೂ ಇಲ್ಲ. ಟಿಪ್ಪುವಿನ ಬಗ್ಗೆ ನಾವು ಮಾಡುವ ಜಗಳದ ಸದ್ದಿನಲ್ಲಿ ಅವನ ಕಾರ್ಖಾನೆಯ ಸುತ್ತಿಗೆಯ ಸದ್ದು ಯಾರಿಗೂ ಕೇಳಿಸಿಲ್ಲ.

ಕೋಟೆ ಬಿದ್ದ ಮೇಲೆ ಲೂಟಿಯನ್ನು ನಿಲ್ಲಿಸಿ, ಉಳಿದದ್ದನ್ನು ಲೆಕ್ಕ ಹಾಕಿ ಹಂಚಲು ಇಂಗ್ಲಿಷರು ಒಂದು ಸಮಿತಿ ಮಾಡಿದರು. ಹುದ್ದೆಗೆ ತಕ್ಕ ಪಾಲು. ಸೇನಾಪತಿ ಹ್ಯಾರಿಸನಿಗೆ ಸಿಂಹಪಾಲು, ಸಿಪಾಯಿಗೆ ಚಿಲ್ಲರೆ. ಅನೇಕ ವಸ್ತುಗಳು ಅಲ್ಲೇ ಹರಾಜಾದವು. ಹೀಗೆ ತಮ್ಮ ಸೊಂಟದಲ್ಲಿ ಲಂಡನ್ನಿನ ಪಿಸ್ತೂಲು ಸಿಕ್ಕಿಸಿಕೊಂಡು ಬಂದವರು ಪೆಟ್ಟಿಗೆಯಲ್ಲಿ ಪಟ್ಟಣದ ಪಿಸ್ತೂಲನ್ನು ತುಂಬಿಕೊಂಡು ಊರಿಗೆ ಹೊರಟರು. ಇವತ್ತು ವಿಂಡ್ಸರ್ ಅರಮನೆಯ ರಾಜಸಂಗ್ರಹದಲ್ಲಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ವೇಲ್ಸಿನ ಪೋವಿಸ್ ಕೋಟೆಯಲ್ಲಿ ಪಟ್ಟಣದ ವಸ್ತುಗಳಿರುವುದು ಹೀಗೆ.

ಅವುಗಳನ್ನು ಮೊದಲ ಬಾರಿಗೆ ಶ್ರದ್ಧೆಯಿಂದ ಓದಿದವರು ಕೂಡ ಅಲ್ಲಿನವರೇ. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ ಟಿಪ್ಪುವಿನ ಕೋವಿಗಳ ಬಗೆಗೇ ಒಂದು ದೊಡ್ಡ ಪುಸ್ತಕ ಬರೆದು 1992ರಲ್ಲಿ ಪ್ರಕಟಿಸಿದರು. ಅವರ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಸಂಸ್ಥೆಯಲ್ಲಿ ಹರಾಜಿಗೆ ಬಂದಾಗ ಒಟ್ಟು ಮೊತ್ತ ಅರವತ್ತು ಲಕ್ಷ ಪೌಂಡ್ ಮುಟ್ಟಿತು. ಅದರಲ್ಲಿ ಹುಲಿಮುಖದ ಹಿಡಿಯ ಒಂದು ಕತ್ತಿಗೇ ಇಪ್ಪತ್ತು ಲಕ್ಷ ಪೌಂಡಿಗೂ ಮಿಗಿಲು. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಾಗಾರದ ಕತ್ತಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಆ ಕತ್ತಿಯ ಬೆಲೆ ಬರಿಯ ಉಕ್ಕಿನ, ಚಿನ್ನದ ಬೆಲೆಯಲ್ಲ. ದಾಳಿಯ ಮುಂದಾಳಾಗಿದ್ದ ಡೇವಿಡ್ ಬೇರ್ಡನಿಗೆ ಸೈನ್ಯ ಅದನ್ನು ಕೊಟ್ಟಿತೆಂಬ ದಾಖಲೆ ಜೊತೆಗಿತ್ತು. ಕೈಯಿಂದ ಕೈಗೆ ದಾಟಿಬಂದ ದಾರಿ ಗೊತ್ತಿದ್ದರೆ ವಸ್ತುವಿನ ಬೆಲೆ ಹಲವು ಪಟ್ಟಾಗುತ್ತದೆ.

ಬೆಲೆ ಏರಿದಲ್ಲಿ ಮೋಸ ಬರದೆ ಇರದು. 'ಇದು ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಅಧಿಕಾರಿಯ ಪಿಸ್ತೂಲು' ಎಂದು ಯಾರಾದರೂ ಹೇಳಿದರೆ ಮೊದಲು ನಳಿಗೆಯ ಎಡಮಗ್ಗುಲನ್ನು ನೋಡಬೇಕು. ಅಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ 'ವಿ', ಕಿರೀಟದ ಕೆಳಗೆ 'ಜಿ.ಪಿ.' ಇದ್ದರೆ ಲಂಡನ್ನಿನ ಕೋವಿಗಾರರ ಸಂಘದ್ದು, ಕಾಲಕ್ಕೆ ಹೊಂದುತ್ತದೆ. ಅಡ್ಡಡ್ಡ ಇಟ್ಟ ಎರಡು ರಾಜದಂಡಗಳ ಜೊತೆ 'ಬಿ.ಪಿ.ಸಿ.' ಇದ್ದರೆ ಅದು ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ್ದು. ಆ ಪರೀಕ್ಷಾಲಯ ಶುರುವಾದದ್ದೇ 1813ರಲ್ಲಿ. ಆ ನಳಿಗೆ ಟಿಪ್ಪುವಿನ ಕೋಟೆಯನ್ನು ಕಂಡಿರಲು ಸಾಧ್ಯವಿಲ್ಲ. ಹಾಗೆಯೇ ಕಂಪನಿಯ ಸರ್ಕಾರಿ ಆಯುಧಗಳ ಮೇಲೆ ಮೊದಲು ಇದ್ದದ್ದು ಹೃದಯದಾಕಾರದ ಮೂಟೆಗುರುತು. ಕಿರೀಟ ಹಿಡಿದು ನಿಂತ ಸಿಂಹ ಬಂದದ್ದು 1808ರ ಈಚೆಗೆ. ಸಿಂಹವಿರುವ ಫಲಕಕ್ಕೆ 1799ರ ಕಥೆ ಕಟ್ಟಿದರೆ ಕೊಳ್ಳುವವನು ಅಲ್ಲೇ ಎದ್ದುಬರಬಹುದು.

ಇದಕ್ಕಿಂತ ನಾಜೂಕಿನ ಮೋಸ ಇನ್ನೊಂದಿದೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಏಟಿಗೆ ಸಿಡಿಯುವ ರಾಸಾಯನಿಕದಿಂದ ಕೋವಿ ಹಾರಿಸುವ ಪೇಟೆಂಟ್ ಪಡೆದ. ಅದೇ ಬೆಳೆದು ಕೇಪು ಬಂತು. 1830, 40ರ ದಶಕಗಳಲ್ಲಿ ಸಾವಿರಾರು ಚಕಮಕಿ ಪಿಸ್ತೂಲುಗಳ ಕುದುರೆ, ತಟ್ಟೆ, ಬಟ್ಟಲು ಕಿತ್ತು ಕೇಪಿಗೆ ಬದಲಾಯಿಸಿದರು. ಇಪ್ಪತ್ತನೇ ಶತಮಾನದಲ್ಲಿ ಚಕಮಕಿಗೆ ಬೆಲೆ ಬಂದಾಗ ಅವುಗಳನ್ನೇ ಮತ್ತೆ ಚಕಮಕಿಗೆ ತಿರುಗಿಸಿದವರಿದ್ದಾರೆ. ಹೊಸ ಬಟ್ಟಲು ನಳಿಗೆಗೆ ಅಂಟಿಕೊಂಡಂತೆ ಕೂರದೆ ಕೂದಲೆಳೆಯ ಸಂದು ಬಿಟ್ಟಿರುವುದು, ಫಲಕದ ಮೇಲೆ ತೂತು ಮುಚ್ಚಿ ಉಜ್ಜಿದ ಕಲೆ, ಕುದುರೆಯ ಕೆತ್ತನೆ ಫಲಕದ ಕೆತ್ತನೆಗಿಂತ ಹರಿತವಾಗಿರುವುದು, ಇವು ಅದರ ಸುಳಿವು. ನಿಜವಾದ ಚಕಮಕಿಯಲ್ಲಿ ಕಿಂಡಿಯ ಸುತ್ತ ಮದ್ದಿನ ಉರಿ ತಿಂದ ಸಣ್ಣ ಗುಳಿಗಳಿರುತ್ತವೆ. ಕುದುರೆ ಹಳತಾಗಿ ಕಿಂಡಿ ಹೊಸದಾಗಿದ್ದರೆ ಸಂಶಯಪಡಬೇಕು. ಖೈಬರ್ ಕಣಿವೆಯ ಕಮ್ಮಾರರು ಕಂಪನಿಯ ಮುದ್ರೆಗಳನ್ನೂ ನಕಲು ಮಾಡಿದ್ದಾರೆ. ಅಲ್ಲಿ ಇಂಗ್ಲಿಷ್ ಅಕ್ಷರ ಓದಲು ಬಾರದ ಕೈ ಕೆತ್ತಿದ 'ಎನ್' ತಿರುಗುಮುರುಗಾಗಿರುವುದುಂಟು. ನಮ್ಮ ದೇಶದಲ್ಲೇ ಇವತ್ತು ತಯಾರಾಗುವ ಹೊಸ ಚಕಮಕಿಗಳು ವಿದೇಶದ ಯುದ್ಧರೂಪಕಗಳಿಗೆ ಹೋಗುತ್ತವೆ. ಅದು ಪ್ರಾಮಾಣಿಕ ಕೆಲಸ. ಅವುಗಳಿಗೆ ಆಮ್ಲ ಸವರಿ ತುಕ್ಕು ಹಿಡಿಸಿ ಹಳತೆಂದು ಮಾರುವವನದು ಮಾತ್ರ ಅಲ್ಲ.

ಮೋಸಕ್ಕಿಂತ ಹೆಚ್ಚು ಹಾನಿ ಮಾಡುವುದು ಪ್ರೀತಿ. ಆಯುಧಪೂಜೆ ಬಂತೆಂದರೆ ಮನೆಯ ಹಿತ್ತಾಳೆ, ಕಬ್ಬಿಣವೆಲ್ಲ ಹುಣಸೆಹಣ್ಣು, ಬೂದಿ, ಮರಳುಕಾಗದ ಕಂಡು ಫಳಫಳಿಸಬೇಕು. ಅಜ್ಜನ ಕಾಲದ ಕೋವಿ, ಪಿಸ್ತೂಲುಗಳಿಗೂ ಅದೇ ಉಪಚಾರ. ಕಂದುಬಣ್ಣಕ್ಕೆ ತಿರುಗಿದ ಆ ಮೇಲ್ಮೈ ಕೊಳೆಯಲ್ಲ, ಅದು ಉಕ್ಕಿನ ಚರ್ಮ. ಅದರ ಕೆಳಗೆ ಕೂದಲಿನಷ್ಟು ಆಳಕ್ಕೆ ಕೊರೆದ ಹೆಸರು, ಮುದ್ರೆ, ಇಸವಿಗಳಿರುತ್ತವೆ. ಹತ್ತು ಆಯುಧಪೂಜೆ ಕಳೆಯುವಷ್ಟರಲ್ಲಿ ಹೊಳಪು ಉಳಿದು ಹೆಸರು ಹೋಗಿರುತ್ತದೆ. ಪೂಜೆಗೆ ಇಡಿ, ಹೂವು ಏರಿಸಿ. ಮರಳುಕಾಗದ ಮುಟ್ಟಿಸಬೇಡಿ. ಮೆತ್ತನೆಯ ಬಟ್ಟೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಹಾಕಿ ಒರೆಸಿದರೆ ಸಾಕು. ಕುಂಕುಮ, ಅರಿಶಿನವನ್ನು ಲೋಹಕ್ಕೆ ಮೆತ್ತದೆ ಪಕ್ಕದ ಎಲೆಯ ಮೇಲಿಡಿ, ಅವು ತೇವ ಹಿಡಿದಿಡುತ್ತವೆ. ಕುದುರೆಯನ್ನು ಖಾಲಿ ಎಳೆದು ಬಿಡಬೇಡಿ, ಇನ್ನೂರು ವರ್ಷದ ಸ್ಪ್ರಿಂಗು ಒಂದೇ ಏಟಿಗೆ ತುಂಡಾಗಬಹುದು. ಎಲ್ಲಕ್ಕೂ ಮೊದಲು ನಳಿಗೆಯೊಳಕ್ಕೆ ಒಂದು ಕಡ್ಡಿ ಇಳಿಸಿ ಆಳ ನೋಡಿ. ಕಡ್ಡಿ ಕಿಂಡಿಯವರೆಗೆ ಹೋಗದೆ ಮಧ್ಯದಲ್ಲೇ ನಿಂತರೆ ಹಳೆಯ ಈಡು ಒಳಗೇ ಇರಬಹುದು. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಸಾಯುವುದಿಲ್ಲ. ಅಂಥದ್ದನ್ನು ತಿಳಿದವರು ಬರುವವರೆಗೆ ಮುಟ್ಟದಿರುವುದೇ ಸರಿ.

ಕಾನೂನನ್ನೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಒಂದು ಷರತ್ತಿದೆ. ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಹಾರುವಂತಿರಬಾರದು. ಹಳತು ಎಂಬ ಒಂದೇ ಕಾರಣಕ್ಕೆ ಪರವಾನಗಿ ಬೇಡವೆಂದು ತಿಳಿಯುವುದು ತಪ್ಪು. ಸ್ಪ್ರಿಂಗು ಬದಲಿಸಿದರೆ ಹಾರಬಹುದಾದ ಪಿಸ್ತೂಲು ಕಾನೂನಿನ ಕಣ್ಣಿಗೆ ಪಿಸ್ತೂಲೇ. ಇಂಗ್ಲೆಂಡಿನಲ್ಲಿ ಇದೇ ವಸ್ತುವನ್ನು ಅಲಂಕಾರಕ್ಕೆಂದು ಪರವಾನಗಿಯಿಲ್ಲದೆ ಗೋಡೆಗೆ ತೂಗುಹಾಕಬಹುದು. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದದು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಬರಹದಲ್ಲಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ. ಇನ್ನು 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಲಂಡನ್ನಿನ ಹರಾಜಿನ ಬೆಲೆ ನೋಡಿ ಅಟ್ಟದ ಪೆಟ್ಟಿಗೆ ತೆರೆಯುವವರು ಇದನ್ನು ಮೊದಲು ಓದಬೇಕು.

ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿ ಟಿಪ್ಪು ಕಾಲದ ಮದ್ದಿನ ಮನೆಯೊಂದಿದೆ. ಜೋಡಿಹಳಿ ಹಾಕಲು ಅದು ಅಡ್ಡವಾದಾಗ, 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಿದರು. ಒಂದು ಇಟ್ಟಿಗೆಯೂ ಕಳಚದಂತೆ ಮಾಡಿದ ಆ ಕೆಲಸವನ್ನು ನೋಡಲು ಜನ ಸೇರಿದ್ದರು. ಅಷ್ಟು ಮುತುವರ್ಜಿ ವಹಿಸಬಲ್ಲ ನಾಡಿಗೆ ಇನ್ನೊಂದು ಕೆಲಸ ಕಷ್ಟವಲ್ಲ. ವಿಂಡ್ಸರ್, ಲಂಡನ್, ಪೋವಿಸ್‌ಗಳಲ್ಲಿರುವ ಪಟ್ಟಣದ ಕೋವಿ ಪಿಸ್ತೂಲುಗಳ ಫೋಟೊ ತರಿಸಿ, ಅವುಗಳ ಮೇಲಿನ ಪರ್ಷಿಯನ್ ಸಹಿಗಳನ್ನು ಓದಿಸಿ, ಇಸವಿ ಸಮೇತ ಕನ್ನಡದಲ್ಲಿ ಒಂದು ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಗೆ ಹಾಕಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದುವ ಒಬ್ಬ ಹುಡುಗ, ಪರ್ಷಿಯನ್ ಬಲ್ಲ ಒಬ್ಬ ಮೌಲ್ವಿ, ಅರ ಹಿಡಿದು ಪಳಗಿದ ಒಬ್ಬ ಕೊಡಗಿನ ಕೋವಿ ರಿಪೇರಿಯವರು ಜೊತೆಗೆ ಕೂತರೆ ಇದು ಆದೀತು. ಮೊದಲ ಸಾಲಿಗೆ ಅಸದ್ ಖಾನ್ ಮೊಹಮ್ಮದನ ಹೆಸರು ಸಿದ್ಧವಿದೆ.